ಗುಡ್ಡದ ನಡಿಗೆ ಅಳೆಯುವ ಬುರುಲ್ಚಾ

ಬೆಳಕು ಹರಿಯುತ್ತಿದೆ. ಹೆಗಲ ಮೇಲಿನ ಮೂರು ಕಾಲಿನ ಸ್ಟ್ಯಾಂಡನ್ನು ಬಂಡೆಗೊರಗಿಸಿದ ಬುರುಲ್ಚಾ ಎಸೆನೊವಾ ಮೊದಲು ಕೈಗೆತ್ತಿಕೊಳ್ಳುವುದು ಉಪಗ್ರಹ ಸಾಧನವನ್ನಲ್ಲ, ಸುತ್ತಿಗೆಯನ್ನು. ಮೂವತ್ತು ಹೆಜ್ಜೆ ಆಚೆ ಹೋಗಿ, ಮೆತ್ತಗಿನ ಮಣ್ಣಿನಲ್ಲಿ ಸೊಂಟದೆತ್ತರದ ಗೂಟವೊಂದನ್ನು ಹೊಡೆದು, ಅಲ್ಲಾಡಿಸಿ ನೋಡುತ್ತಾರೆ. ಇದೇಕೆ ಎಂದು ಕೇಳಿದರೆ, "ಬರೋ ಕುದ್ರೆಗೆ ಜಾಗ ಬೇಡ್ವಾ? ಮೊದ್ಲು ಕುದ್ರೆಗೆ, ಆಮೇಲೆ ಉಪಗ್ರಹಕ್ಕೆ" ಎಂದು ನಗುತ್ತಾರೆ.

ಆಮೇಲೆ ನಗು ನಿಲ್ಲುತ್ತದೆ. ಬಂಡೆಯಲ್ಲಿ ಹೂತ ಹಿತ್ತಾಳೆ ಮೊಳೆಯ ತಲೆಯ ಮೇಲೊಂದು ಚುಕ್ಕೆಯಿದೆ. ಸ್ಟ್ಯಾಂಡಿನ ನಡು ಆ ಚುಕ್ಕೆಯ ನೇರಕ್ಕೆ ಬರಬೇಕು. ಪುಟ್ಟ ಮಸೂರಕ್ಕೆ ಕಣ್ಣಿಟ್ಟು, ತಿರುಪು ತಿರುಗಿಸಿ, ರಸಮಟ್ಟದ ಗುಳ್ಳೆಯನ್ನು ನಡುವಿಗೆ ತರುತ್ತಾರೆ. ಉಪಗ್ರಹಗಳ ಸಂಕೇತ ಹಿಡಿಯುವ ರಿಸೀವರನ್ನು ಬಿಗಿದು, ಟೇಪು ಹಿಡಿದು ಮೂರು ಕಡೆಯಿಂದ ಎತ್ತರ ಅಳೆಯುತ್ತಾರೆ. ಮೂರೂ ಒಂದೇ ಬಂದರೆ ಮಾತ್ರ ಮುಂದಿನ ಕೆಲಸ. ಹದಿನೆಂಟು ಉಪಗ್ರಹಗಳು ಸಿಕ್ಕ ಮೇಲೆ ದೀಪ ಹಸಿರಾಗುತ್ತದೆ. ಈ ಸಾಧನ ಇಲ್ಲೇ ನಿಲ್ಲುತ್ತದೆ. ಇದರ ಜೋಡಿಯನ್ನು ಕೋಲಿಗೆ ಸಿಕ್ಕಿಸಿಕೊಂಡು ಬುರುಲ್ಚಾ ಕಣಿವೆ ಇಳಿದು ಎದುರಿನ ಸಾರಿಬೆಟ್ ಗುಡ್ಡ ಹತ್ತಬೇಕು. ಅಲ್ಲಿ ನೆಟ್ಟಿರುವ ಏಳು ಕಬ್ಬಿಣದ ಕಂಬಿಗಳು, ಕದಲದ ಈ ಬಂಡೆಯಿಂದ ಎಷ್ಟು ದೂರ ಸರಿದಿವೆ ಎಂದು ಅಳೆಯಬೇಕು.

ಅಳೆಯದೆ ವಿಧಿಯಿಲ್ಲ. ಆ ಗುಡ್ಡ ಜೇಡಿಮಣ್ಣಿನದು. ವಸಂತದಲ್ಲಿ ಹಿಮ ಕರಗಿದಾಗ ಒಳಗೊಳಗೇ ಜಾರುತ್ತದೆ. ಅದರ ಕಾಲಬುಡದಲ್ಲಿ ಇಪ್ಪತ್ತಾರು ಮನೆಗಳ ಸಾರಿಬೆಟ್ ಊರಿದೆ. ಊರು ಬಿಡುವ ಹೊತ್ತು ಬಂತೇ ಎಂದು ಹೇಳಬೇಕಾದವರು ಬುರುಲ್ಚಾ ಒಬ್ಬರೇ. ವಯಸ್ಸು ಐವತ್ಮೂರು, ಈ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ವಾರಕ್ಕೆ ಮೂರು ಸಲ, ಬೆನ್ನ ಮೇಲೆ ಹದಿನಾರು ಕಿಲೋ, ಕಾಲಡಿಯಲ್ಲಿ ಹದಿನಾಲ್ಕು ಕಿಲೋಮೀಟರು. ಬುತ್ತಿಗೆ ಒಂದು ರೊಟ್ಟಿ, ಜೇಬಿನ ತುಂಬ ಒಣಮೊಸರಿನ ಉಂಡೆ. ಒಮ್ಮೆ ಜಾರಿ ಬಿದ್ದು ಎಡ ಮೊಣಕಾಲು ಮುರಿದಿದೆ. "ಹತ್ತೋಕೆ ಅದ್ರದ್ದೇನೂ ತಕರಾರಿಲ್ಲ. ಇಳಿಯೋವಾಗ ಮಾತ್ರ ಬೈಯುತ್ತೆ" ಎನ್ನುತ್ತಾರೆ.

ಗೂಟದ ಕಥೆಯನ್ನು ಅವರು ಕಣಿವೆ ಇಳಿಯುವಾಗ ಹೇಳುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಇದೇ ಬಂಡೆಯ ಮೇಲೆ ಸ್ಟ್ಯಾಂಡು ನಿಲ್ಲಿಸಿ ಗುಡ್ಡಕ್ಕೆ ಹೋಗಿದ್ದರು. ಅವರು ಮೊದಲ ಕಂಬಿ ಮುಟ್ಟುವ ಮೊದಲೇ ಕುರಿಗಾಹಿ ಮಾಮಿರ್ ಅತಾ ಈ ದಾರಿಯಲ್ಲಿ ಬಂದ. ಎಪ್ಪತ್ತು ದಾಟಿದ ಆತನನ್ನು ಊರೆಲ್ಲ ಅತಾ, ಅಂದರೆ ಅಜ್ಜ, ಎಂದೇ ಕರೆಯುತ್ತದೆ. ಬಯಲಲ್ಲಿ ನೆಟ್ಟಗೆ ನಿಂತದ್ದು ಏನೇ ಇರಲಿ, ಕಂಡರೆ ಕುದುರೆ ಕಟ್ಟುವುದು ನಮ್ಮವರ ರಕ್ತದಲ್ಲೇ ಇದೆ. ಆತನೂ ಸ್ಟ್ಯಾಂಡಿನ ಕಾಲಿಗೆ ತನ್ನ ಹೆಣ್ಣುಕುದುರೆಯನ್ನು ಕಟ್ಟಿ, ಹೊಗೆಸೊಪ್ಪು ಬಾಯಿಗಿಟ್ಟುಕೊಂಡು ಕೂತ. ಕುದುರೆ ಎಳೆಯಿತು. ಸಂಜೆ ಆಲಿಕಲ್ಲು ಬೀಳುತ್ತಿದ್ದ ಗಡಿಬಿಡಿಯಲ್ಲಿ ಬುರುಲ್ಚಾ ಗುಳ್ಳೆ ನೋಡದೆ ಸಾಮಾನು ಕಟ್ಟಿದರು. ಲೆಕ್ಕದಲ್ಲಿ ಏಳೂ ಕಂಬಿಗಳು ಆರಾರು ಸೆಂಟಿಮೀಟರು ಸರಿದಿದ್ದವು. ಊರು ಖಾಲಿಯಾಯಿತು. ಹನ್ನೊಂದು ದಿನ ಹಿಮದಲ್ಲಿ, ಡೇರೆಗಳಲ್ಲಿ. ಗುಡ್ಡ ಮಿಸುಕಾಡಲಿಲ್ಲ; ಸರಿದದ್ದು ಸ್ಟ್ಯಾಂಡು. ಮಾಮಿರ್ ಅತಾನ ಒಂಬತ್ತು ಕುರಿಮರಿಗಳು ಚಳಿಗೆ ಸತ್ತವು. ವಿಚಾರಿಸಿದಾಗ ಆತ ಮುಗ್ಧವಾಗಿ ಹೇಳಿದ್ದು: "ಕಾಲು ಒಂಚೂರು ಜರುಗಿತ್ತು, ನಿಜ. ಆದ್ರೆ ನಾನೇ ಮತ್ತೆ ನೆಟ್ಟಗೆ ನಿಲ್ಸಿದ್ನಲ್ಲಮ್ಮ!"

ಆಗ ಇದೇ ಪತ್ರಿಕೆಯಲ್ಲಿ ನಾನೂ ನಾಲ್ಕು ಸಾಲು ಗೇಲಿ ಬರೆದು ಗಾಯಕ್ಕೆ ಉಪ್ಪು ಸವರಿದ್ದೆ. ಆ ತಪ್ಪಿಗೆಂದೇ ಇವತ್ತು ಅವರ ಹಿಂದೆ ಏದುಸಿರು ಬಿಡುತ್ತಿದ್ದೇನೆ. "ತಪ್ಪು ಕುದ್ರೇದಲ್ಲ, ಅತಾಂದೂ ಅಲ್ಲ, ನಂದು. ಏಳೂ ಒಂದೇ ಕಡೆ, ಒಂದೇ ಅಳತೆ! ಗುಡ್ಡ ಏನು ಸೈನಿಕರ ಥರ ಕವಾಯತು ಮಾಡುತ್ತಾ? ಅವತ್ತೇ ಹೊಳೀಬೇಕಿತ್ತು" ಎನ್ನುತ್ತಾರೆ ಬುರುಲ್ಚಾ.

ಗುಡ್ಡದ ಮೇಲೆ ಒಂದೊಂದು ಕಂಬಿಗೂ ಇಪ್ಪತ್ತು ನಿಮಿಷ. ಕೋಲನ್ನು ಅಲುಗದಂತೆ ಹಿಡಿದು, ಮೈಯೆಲ್ಲ ಕಣ್ಣಾಗಿ ನಿಲ್ಲುತ್ತಾರೆ. ಮೊದಲನೆಯದು ಒಂದು ಸೆಂಟಿಮೀಟರು. ಎರಡನೆಯದು ಮೂರು. ನಾಲ್ಕನೆಯದು, ನಟ್ಟನಡುವಿನದು, ಹನ್ನೊಂದು. ಏಳನೆಯದು ಮತ್ತೆ ಒಂದು. ಕಣಿವೆ ಇಳಿದು, ಬಂಡೆ ಹತ್ತಿ, ಗುಳ್ಳೆ ನೋಡುತ್ತಾರೆ. ನಡುವಿನಲ್ಲೇ ಇದೆ. ಚುಕ್ಕೆ ನೋಡುತ್ತಾರೆ. ನೇರವಾಗಿದೆ. ಟೇಪಿನ ಎತ್ತರವೂ ಬೆಳಗಿನದೇ. ಮೂವತ್ತು ಹೆಜ್ಜೆ ಆಚೆಯ ಗೂಟದಲ್ಲಿ ಯಾರದೋ ಕಂದು ಕುದುರೆ ಹಾಯಾಗಿ ಬಾಲ ಬೀಸುತ್ತಿದೆ.

ಈಗ ಕಷ್ಟದ ಕೆಲಸ ಶುರು: ಊರನ್ನು ನಂಬಿಸುವುದು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಊರಿನ ಮೊದಲ ಬಾಗಿಲಲ್ಲೇ ಹೆಂಗಸೊಬ್ಬಳು, "ಏನ್ ಎಜೆ, ಈ ಸಲ ಯಾರ್ ಕುದ್ರೆ?" ಎನ್ನುತ್ತಾಳೆ. ಎಜೆ ಎಂದರೆ ಅಕ್ಕ, ಆದರೆ ದನಿಯಲ್ಲಿ ಅಕ್ಕರೆಯಿಲ್ಲ. ಇನ್ನೊಬ್ಬ, "ನಿಮ್ ಡಬ್ಬಿಗೆ ವಸಂತ ಬಂದ್ರೆ ಜ್ವರ ಬರುತ್ತೆ" ಎಂದು ಬಾಗಿಲು ಹಾಕಿಕೊಳ್ಳುತ್ತಾನೆ. ಬುರುಲ್ಚಾ ವಾದ ಮಾಡುವುದಿಲ್ಲ. ನೆಟ್ಟಗೆ ಮಾಮಿರ್ ಅತಾನ ಮನೆಗೆ ಹೋಗುತ್ತಾರೆ.

"ಮತ್ತೆ ಡೇರೆಗೆ ಹೋಗು ಅಂತೀಯಾ? ನನ್ ಮರಿಗಳನ್ನ ನೀನು ವಾಪಸ್ ಕೊಡ್ತೀಯಾ?" ಮುದುಕ ಗುಡುಗುತ್ತಾನೆ.

"ಕೊಡಕ್ಕಾಗಲ್ಲ ಅತಾ. ಒಂದು ಮಾತು ಹೇಳಿ. ನಿಮ್ ಮಂದೆ ಇಳಿಜಾರಲ್ಲಿ ಹೊರಟ್ರೆ ಎಲ್ಲಾ ಕುರಿ ಒಂದೇ ಹೆಜ್ಜೆ ಹಾಕ್ತಾವಾ?"

"ಹುಚ್ಚೇನೆ ನಿನಗೆ? ನಡುವಿನವು ನುಗ್ತಾವೆ. ಅಂಚಿನವು ಮೇಯ್ತಾ ಹಿಂದೆ ಬೀಳ್ತಾವೆ."

ಬುರುಲ್ಚಾ ಅಳತೆಯ ಪುಸ್ತಕ ತೆಗೆದು ಎರಡು ಪುಟಗಳನ್ನು ಆತನ ಮುಂದಿಡುತ್ತಾರೆ. ಹೋದ ವರ್ಷದ್ದು: ಆರು, ಆರು, ಆರು. ಇವತ್ತಿನದು: ಒಂದು, ಮೂರು, ಏಳು, ಹನ್ನೊಂದು, ಎಂಟು, ಎರಡು, ಒಂದು. ಮುದುಕ ಬೆರಳಿಟ್ಟು ಒಂದೊಂದೇ ಅಂಕಿ ಓದುತ್ತಾನೆ. ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾನೆ. ಆಮೇಲೆ ಒಳಗೆ ತಿರುಗಿ ಸೊಸೆಗೆ ಕೂಗುತ್ತಾನೆ: "ಕಂಬಳಿ ಸುತ್ತೇ! ಮಂದೆ ಹೊರಟಿದೆ!"

ಮಾಮಿರ್ ಅತಾನ ಕುರಿಗಳು ಹೊಳೆ ದಾಟಿದ್ದು ಕಂಡ ಮೇಲೆ ಊರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಗೊಣಗುತ್ತ, ಶಪಿಸುತ್ತ, ಮರುದಿನ ಸಂಜೆಯೊಳಗೆ ಇಪ್ಪತ್ತಾರು ಮನೆಗಳೂ ಆಚೆ ದಡ ಸೇರಿದವು. ಒಲೆಯ ಮೇಲಿನ ಕಡಾಯಿಗೆಂದು ವಾಪಸ್ ಹೊರಟ ಹೆಂಗಸನ್ನು ಬುರುಲ್ಚಾ ತೋಳು ಹಿಡಿದು ಎಳೆದು ತಂದರು. ನಾಲ್ಕನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ, ತಿಳಿ ಬಿಸಿಲಿನಲ್ಲಿ, ಗುಡ್ಡದ ನಡುಭಾಗ ಕಳಚಿ ಊರಿನ ಮೇಲೆ ಕೂತಿತು. ಹತ್ತೊಂಬತ್ತು ಮನೆಗಳು ಮಣ್ಣಿನಡಿ. ಸತ್ತವರು ಯಾರೂ ಇಲ್ಲ.

ಜಿಲ್ಲಾ ಕಚೇರಿಯ ವರದಿಯಲ್ಲಿ "ಸಕಾಲದ ಕ್ರಮ" ಎಂದಷ್ಟೇ ಇದೆ, ಬುರುಲ್ಚಾ ಹೆಸರಿಲ್ಲ. ಅದಕ್ಕೆ ನನಗೆ ಸಿಟ್ಟು ಬಂದಿದೆ, ಅವರಿಗಿಲ್ಲ. ನಿಮಗೇನು ಬೇಕು ಎಂದು ಕೇಳಿದೆ. "ಹೊಸ ಊರಿಗೆ ಜಾಗ ಹುಡುಕ್ತಿದ್ದಾರೆ. ಗುದ್ದಲಿ ಹಾಕೋ ಮುಂಚೆ ನನ್ ಕೈಲಿ ಒಂದ್ ವರ್ಷ ಅಳೆಸ್ಲಿ, ಸಾಕು" ಎಂದರು.

ಅಷ್ಟರಲ್ಲಿ ಡೇರೆಯಿಂದ ಹೆಂಗಸೊಬ್ಬಳ ದನಿ ಬಂತು. ಕಡಾಯಿ ತರಲು ಬಿಡದ ಎಜೆಗೆ ಅವಳು ನಾಲ್ಕೂರಿಗೆ ಕೇಳುವಂತೆ ಶಾಪ ಹಾಕುತ್ತಿದ್ದಳು. ಬುರುಲ್ಚಾ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡರು.

"ಬೈಯ್ಲಿ ಬಿಡಿ. ಬೈಯ್ಯೋಕೆ ಇದ್ದಾಳಲ್ಲ."