ಹೋಗುತ್ತೇನೆ ಎನ್ನದ ಗ್ರಾಹಕಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಗುರವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಡಬ್ಬಿಯ ಮೇಲಿಟ್ಟಿದ್ದ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಅದನ್ನು ತಿರುವಿದ ಮೇಲೆಯೇ ಅವಳು ಫೋನು ನೋಡಿದ್ದು. ಬ್ಯಾಂಕಿನ ಖಾತೆಯಿಂದ ಸಾವಿರದ ಮುನ್ನೂರು ರೂಪಾಯಿ ಕಡಿತವಾಗಿತ್ತು. ಕಾರಣದ ಜಾಗದಲ್ಲಿ ಅವಳಿಗೆ ಪರಿಚಯವಿಲ್ಲದ ಒಂದು ಕಂಪನಿಯ ಹೆಸರಿತ್ತು.

ನೇಸರಗಿ ಬಸ್ ನಿಲ್ದಾಣದ ಎದುರಿನ ಅವಳ ಖಾನಾವಳಿಗೆ ಬೋರ್ಡಿಲ್ಲ. ಅದರ ಬದಲು ಒಂದು ನಿಯಮವಿದೆ. ಉಂಡು ಏಳುವವರು ಯಾರೂ ‘ಹೋಗತೇನಿ’ ಎನ್ನಬಾರದು, ‘ಬರತೇನಿ’ ಎನ್ನಬೇಕು. ಈ ಭಾಗದ ಎಲ್ಲ ಮನೆಗಳಲ್ಲೂ ಇರುವ ರೂಢಿಯೇ ಇದು. ಆದರೆ ಬೇರೆಯವರು ಮರೆತರೂ ನಡೆಯುತ್ತದೆ, ಗುರವ್ವನ ಹತ್ತಿರ ನಡೆಯುವುದಿಲ್ಲ. ನಿಲ್ದಾಣದ ಕಂಟ್ರೋಲರ್ ಶಟ್ಟೆಪ್ಪ ದಿನಾ ಬೇಕೆಂದೇ ಮರೆಯುತ್ತಾನೆ.

“ಹೋಗತೇನ್ರಿ ಅಕ್ಕಾರ.”

“ಎಲ್ಲಿಗಿ ಹೋಗ್ತೀರಿ? ಬರತೇನಿ ಅನ್ರಿ.”

“ನನ್ನ ಖೋಲಿ ಇಲ್ಲೇ ರಸ್ತೆ ದಾಟಿದ್ರ ಐತಿ. ಇಷ್ಟಕ್ಕೂ ಬರತೇನಿ ಅಂದಾವ್ರೆಲ್ಲ ಬರತಾರೇನ್ರಿ? ನಿಜಗುಣಪ್ಪನೂ ಹಂಗ ಅಂದು ಹೋದಾಂವ.”

“ಅಂದಾನಲ್ಲ? ಇನ್ನ ಬರೂದೊಂದ ಬಾಕಿ.”

ನಿಜಗುಣಪ್ಪ ಅವಳ ಗಂಡ. ಖಾನಾವಳಿಯ ಜಾಗದಲ್ಲಿ ಆಗ ಅವರ ಹಿಟ್ಟಿನ ಗಿರಣಿ ಇತ್ತು. ಹತ್ತೊಂಬತ್ತು ವರ್ಷದ ಹಿಂದೆ ಗಿರಣಿಯ ಚಕ್ರ ತಿರುಗಿಸುವ ಪಟ್ಟಾ ಹರಿಯಿತು. ಹೊಸ ಪಟ್ಟಾ ತೂಗುಹಾಕಲು ಗೋಡೆಗೊಂದು ಮೊಳೆ ಹೊಡೆದು, “ಸವದತ್ತಿಗೆ ಹೋಗಿ ತರತೇನಿ, ಬರತೇನಿ” ಎಂದು ಅವನು ಬಸ್ಸು ಹತ್ತಿದ. ಬಸ್ಸು ಮಾತ್ರ ಸಂಜೆಗೆ ತಿರುಗಿ ಬಂತು. ಅವನು ರಾಮದುರ್ಗದ ಕಡೆ ಟೆಂಪೋ ಓಡಿಸುತ್ತಾನೆಂದೂ, ಕಟಕೋಳದಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆಂದೂ ಆಮೇಲೆ ಸುದ್ದಿ ಬಂತು. ಸುದ್ದಿಯನ್ನು ಗುರವ್ವ ನಂಬಿದಳು. ಹೇಳಿಹೋದ ಮಾತನ್ನೂ ನಂಬಿದಳು. ಎರಡನ್ನೂ ಒಟ್ಟಿಗೆ ಹೇಗೆ ನಂಬಿದಳೆಂದು ಯಾರೂ ಕೇಳಲಿಲ್ಲ. ಗಿರಣಿ ಮಾರಿ ರೊಟ್ಟಿಯ ಹಂಚು ಇಟ್ಟಳು. ಮೊಳೆಗೆ ಏನನ್ನೂ ತೂಗುಹಾಕಲಿಲ್ಲ.

ಹಣ ಕಡಿತವಾದ ಸಂದೇಶವನ್ನು ಹಿಡಿದು ಅವಳು ಪಕ್ಕದ ಅಂಗಡಿಗೆ ಹೋದಳು. ಅಲ್ಲಿ ಪೂನಮ್ ಪಹಣಿ, ಆಧಾರ್, ಪರೀಕ್ಷೆಯ ಅರ್ಜಿ ಇತ್ಯಾದಿಗಳ ಆನ್‌ಲೈನ್ ಕೆಲಸ ಮಾಡಿಕೊಡುತ್ತಾಳೆ. ಗುರವ್ವ ಅವಳನ್ನು ಪೂನವ್ವ ಎಂದೇ ಕರೆಯುವುದು; ಅವಳಿಗೆ ಗುರವ್ವ ‘ಕಾಕು’, ಅಂದರೆ ಚಿಕ್ಕಮ್ಮ.

“ಕಾಕು, ಬೈಲಹೊಂಗಲದಾಗ ಫೋನ್ ತಗೊಳ್ಳಾಗ ಏನರ ಒತ್ತಿಸಿಕೊಂಡ್ರೇನು?”

“ಮೂರು ತಿಂಗಳ ಫುಕಟ್ ಅಂದಾಂವ. ಫೋಟೋ ಎಲ್ಲಾ ಮೋಡದಾಗ ಇಡತೇವಿ, ಫೋನ್ ಹಗರ ಆಕ್ಕೈತಿ ಅಂದ. ಪಿನ್ ಒತ್ರಿ ಅಂದ, ಒತ್ತಿದೆ.”

“ಮೂರು ತಿಂಗಳ ಮುಗದಾವು. ಈಗ ವರ್ಷದ ಬಾಡಿಗಿ ಮುರಕೊಂಡಾರ.”

“ಯಾವುದರ ಬಾಡಿಗಿ?”

ಪೂನಮ್ ತೆಗೆದು ತೋರಿಸಿದಳು. ಕಂಪನಿಯವರು ‘ಕ್ಲೌಡ್’ ಎನ್ನುವ ಆ ಮೋಡದಲ್ಲಿ ನೂರು ಜಿಬಿ ಜಾಗವಿತ್ತು. ಗುರವ್ವ ಅದರಲ್ಲಿ ಮೂರು ಜಿಬಿ ಬಳಸಿದ್ದಳು. ಆ ಮೂರರಲ್ಲಿ ಬಹುಪಾಲು, ಖಾನಾವಳಿಯ ಗಿರಾಕಿಗಳು ದಿನಾ ಬೆಳಿಗ್ಗೆ ಕಳಿಸುವ ಶುಭೋದಯದ ಚಿತ್ರಗಳು: ಹೂವು, ದೇವರು, ಹಬೆಯಾಡುವ ಚಹಾದ ಕಪ್ಪು. ಉಳಿದದ್ದು ಅವಳ ಹೆಬ್ಬೆರಳು ಅಡ್ಡ ಬಂದ ಫೋಟೋಗಳು.

“ಮೂರು ರೊಟ್ಟಿ ಉಣ್ಣಾಕಿಗೆ ನೂರು ಬಡಿಸಿ, ನೂರಕ್ಕೂ ರೊಕ್ಕ ತಗೊಂಡಾರ. ತಿರುಗಿ ಕೊಡತಾರೇನು?”

“ಹದಿನಾಲ್ಕು ದಿನದಾಗ ರದ್ದು ಮಾಡಿದ್ರ ಪೂರಾ ಕೊಡತಾರ. ಒಂದ ದಿನ ತಡಾ ಆದ್ರೂ ಒಂದ ರೂಪಾಯಿನೂ ಕೊಡೂದಿಲ್ಲ.”

ಗುರವ್ವನಿಗೆ ಇದು ವಿಚಿತ್ರವೆನಿಸಿತು. ಅವಳ ಹತ್ತಿರ ತಿಂಗಳ ಊಟಕ್ಕೆ ಮುಂಗಡ ಕೊಟ್ಟವರು ನಡುವೆ ಊರಿಗೆ ಹೋದರೆ, ಉಣ್ಣದ ಹೊತ್ತಿನ ಹಣವನ್ನು ಅವಳೇ ಕರೆದು ಕೊಡುತ್ತಾಳೆ. ಆ ವಾರವೇ ಕಿತ್ತೂರಿಗೆ ವರ್ಗವಾದ ಮಾಸ್ತರ ಬಾಳೇಶನಿಗೆ ಉಳಿದ ಹಣ ಎಣಿಸಿ, ಮೇಲೆ ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಬದಲಿಗೆ ಅವಳು ಕೇಳಿದ್ದು ಒಂದೇ: “ಬರತೇನಿ ಅನ್ರಿ.”

ಪೂನಮ್ ರದ್ದತಿಯ ಪುಟ ತೆರೆದಳು. ಕಂಪನಿಯವರು ಅದನ್ನು ಕನ್ನಡದಲ್ಲಿಯೇ ಬರೆಸಿದ್ದರು. ‘ನಮ್ಮನ್ನು ಬಿಟ್ಟು ಹೋಗುತ್ತಿದ್ದೀರಾ?’ ಎಂಬ ಪ್ರಶ್ನೆ, ಕೆಳಗೆ ಎರಡು ಬಟನ್. ಬೂದುಬಣ್ಣದ ಸಣ್ಣದರಲ್ಲಿ ‘ಹೋಗುತ್ತೇನೆ’ ಎಂದೂ, ಹಸಿರುಬಣ್ಣದ ದೊಡ್ಡದರಲ್ಲಿ ‘ಮತ್ತೆ ಬರುತ್ತೇನೆ’ ಎಂದೂ ಇತ್ತು. ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದರು. ಪೂನಮ್ ಅತ್ತ ತಿರುಗಿದಾಗ, ಏಳನೆಯ ತರಗತಿಯವರೆಗೆ ಓದಿದ್ದ ಗುರವ್ವ ಎರಡನ್ನೂ ನಿಧಾನವಾಗಿ ಓದಿ, ಮರ್ಯಾದಸ್ಥರು ಒತ್ತಬೇಕಾದದ್ದನ್ನು ಒತ್ತಿದಳು.

‘ಸಂತೋಷ. ನಿಮ್ಮ ಸೇವೆಯನ್ನು ಒಂದು ತಿಂಗಳು ತಡೆಹಿಡಿಯಲಾಗಿದೆ. ನಂತರ ತಾನಾಗಿಯೇ ಮುಂದುವರಿಯುತ್ತದೆ.’

“ಕಾಕು, ಏನ ಮಾಡಿದ್ರಿ? ತಡೆಹಿಡಿದವ್ರಿಗೆ ರೊಕ್ಕ ಬರೂದಿಲ್ಲ. ಹೋಗುತ್ತೇನೆ ಅನ್ನೂದ ಒತ್ತಬೇಕಾಗಿತ್ತು.”

“ಅದನ್ನ ಒತ್ತತಾರೇನು?”

“ನೀವು ಒತ್ತಬ್ಯಾಡ್ರಿ, ನಾನ ಒತ್ತತೇನಿ.”

“ನೀ ಒತ್ತಿದ್ರ ನೀ ಹೋದಂಗ ಆತು. ರೊಕ್ಕದ ಸಲುವಾಗಿ ನಿನ್ನ ಯಾಕ ಕಳಸ್ಲಿ?”

ಮುಂದಿನ ದಿನಗಳಲ್ಲಿ ಇದು ಖಾನಾವಳಿಯ ಊಟದ ಜೊತೆಗಿನ ಮಾತಾಯಿತು. ಬಟನ್ ಒತ್ತುವುದು ಬಾಯಿಂದ ಆಡಿದ ಹಾಗಲ್ಲ ಎಂದು ಊಟಕ್ಕೆ ಬರುವ ಬ್ಯಾಂಕಿನವರು ವಾದಿಸಿದರು. ಕಣ್ಣು ಮುಚ್ಚಿ ಒತ್ತಬಹುದು ಎಂದು ಒಬ್ಬರು ಉಪಾಯ ಹೇಳಿದರು. ಶಟ್ಟೆಪ್ಪ ಮಾತ್ರ ಬೇರೆ ರೀತಿ ನೋಡಿದ.

“ಸಾವಿರದ ಮುನ್ನೂರು ಹೋದ್ರ ಹೋಗಲಿ ಬಿಡ್ರಿ ಅಕ್ಕಾರ. ರೊಕ್ಕನೂ ಬರತೇನಿ ಅಂತನ ಹೋಗಿರತೈತಿ.”

“ನಗ್ರಿ, ನಗ್ರಿ. ಆ ರೊಕ್ಕ ಹಿಟ್ಟಿನ್ಯಾಗ ಕೈ ಇಟ್ಟು ಗಳಿಸಿದ್ದು, ಬಿಡಂಗಿಲ್ಲ. ಆ ಮಾತೂ ಆಡಂಗಿಲ್ಲ.”

ಎರಡೂ ಆಗುವ ದಾರಿ ಯಾರಿಗೂ ಹೊಳೆಯಲಿಲ್ಲ. ಹದಿನಾಲ್ಕನೆಯ ದಿನ ಪೂನಮ್ ಖಾನಾವಳಿಗೇ ಬಂದು, ಕಂಪನಿಯ ಸಹಾಯವಾಣಿಗೆ ಕರೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟಳು. ಬಹಳ ಹೊತ್ತು ಸಂಗೀತ ಬಂತು. ಆಮೇಲೆ ಒಬ್ಬ ಹುಡುಗನ ದನಿ.

“ನಮಸ್ಕಾರ, ನಾನು ಮಧು ಮಾತಾಡ್ತಿದ್ದೀನಿ. ಏನು ಸಹಾಯ ಬೇಕಿತ್ತು?”

“ಊಟ ಆತೇನಪಾ?” ಎಂದಳು ಗುರವ್ವ.

“ಇನ್ನೂ ಇಲ್ಲಮ್ಮ. ಹೇಳಿ.”

ಪೂನಮ್ ಎಲ್ಲವನ್ನೂ ವಿವರಿಸಿದಳು. ಮಧು ಕೇಳಿಕೊಂಡು ಹೇಳಿದ: “ರದ್ದು ಮಾಡ್ತೀನಮ್ಮ. ಕರೆ ರೆಕಾರ್ಡ್ ಆಗ್ತಿದೆ. ‘ನಾನು ಸೇವೆ ಬಿಟ್ಟು ಹೋಗ್ತಿದ್ದೀನಿ’ ಅಂತ ನಿಮ್ಮ ಬಾಯಲ್ಲೇ ಒಂದ್ಸಲ ಹೇಳಿಬಿಡಿ.”

“ಬರತೇನಿ,” ಎಂದಳು ಗುರವ್ವ.

“ಬರ್ತೀರಾ? ಅಂದ್ರೆ ಮುಂದುವರಿಸ್ತೀರಾ?”

“ಇಲ್ಲಪಾ. ಬ್ಯಾಡ ನಂಗ ನಿಮ್ಮ ಮೋಡ. ಬರತೇನಿ.”

“ಅಮ್ಮ, ಬರ್ತೀನಿ ಅಂದ್ರೆ ರದ್ದು ಮಾಡೋಕಾಗಲ್ಲ. ನಿಮ್ಮ ಫೈಲುಗಳು ಅಳಿಸಿಹೋಗುತ್ತೆ ಅಂತ ಯೋಚನೆನಾ?”

“ಶುಭೋದಯ ದಿನಾ ಹೊಸಾದು ಬರತಾವು. ಅದರದೇನ ಕಾಳಜಿ ಇಲ್ಲ. ಆದ್ರ ಬಾಗಲದಾಗ ನಿಂತು ನಾ ಇನ್ನೊಂದ ಮಾತು ಆಡೂದಿಲ್ಲ. ನಿಮ್ಮವ್ವನ್ನ ಕೇಳಿ ನೋಡು, ಆಕಿನೂ ಆಡೂದಿಲ್ಲ.”

ಮಧು ಸ್ವಲ್ಪ ಹೊತ್ತು ಕೀಲಿಮಣೆ ಒತ್ತುತ್ತಿದ್ದ ಸದ್ದು ಕೇಳಿಸಿತು. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು.

“ನಮ್ಮಮ್ಮನೂ ಹೇಳಲ್ಲ. ಹೀಗೆ ಮಾಡೋಣ. ಬರ್ತೀನಿ ಅಂತಲೇ ಬರೆದುಕೊಳ್ತೀನಿ. ಎಷ್ಟು ಸಮಯದ ಮೇಲೆ ಬರ್ತೀರಿ ಅಂತ ಇಲ್ಲಿ ಒಂದು ಖಾಲಿ ಜಾಗ ಇದೆ. ಹನ್ನೆರಡು ತಿಂಗಳೊಳಗೆ ಬರ್ತೀನಿ ಅಂದವರು ತಡೆಹಿಡಿದವರು. ಅದಕ್ಕಿಂತ ಜಾಸ್ತಿ ಆದ್ರೆ, ಅವರು ಏನೇ ಹೇಳಿದ್ರೂ ಸಿಸ್ಟಮ್ ಹೋದವರು ಅಂತಲೇ ತಗೊಳ್ಳುತ್ತೆ. ದುಡ್ಡು ವಾಪಸ್ ಬರುತ್ತೆ.”

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಪೂನಮ್ ಎದ್ದು ಅದನ್ನು ತೆಗೆದಳು.

“ಈ ಕಾಯದೆ ಎಲ್ಲಾರಿಗೂ ಐತೇನಪಾ?” ಗುರವ್ವ ಕೇಳಿದಳು.

“ಎಲ್ಲರಿಗೂ ಒಂದೇ ಅಮ್ಮ.”

“ಬರತೇನಿ ಅಂದಾಂವ ವರ್ಷದಾಗ ಬರಲಿಲ್ಲಂದ್ರ, ಹೋದ ಅಂತನ ಲೆಕ್ಕ.”

“ಹೌದಮ್ಮ. ಸಿಸ್ಟಮ್ ಹಾಗೇ ಮಾಡಿದ್ದಾರೆ.”

“ಶಾಣ್ಯಾ ಅದಾರ,” ಎಂದಳು ಗುರವ್ವ.

ಹಣ ವಾರದೊಳಗೆ ಪೂರ್ತಿ ಬಂತು. ಜೊತೆಗೆ ಒಂದು ಸಂದೇಶ: ‘ನೀವು ಹೋಗಿದ್ದಕ್ಕೆ ನಮಗೆ ಬೇಸರವಿದೆ.’ ಗುರವ್ವ ಅದನ್ನು ಓದಿ, ತಾನು ಹೋಗಿಲ್ಲವೆಂದು ಪೂನಮ್‌ಗೆ ಸ್ಪಷ್ಟಪಡಿಸಿದಳು. ಖಾನಾವಳಿಯ ನಿಯಮ ಈಗಲೂ ಹಾಗೆಯೇ ಇದೆ. ಬದಲಾದದ್ದು ಒಂದು ಮೊಳೆ. ಗಿರಣಿಯ ಪಟ್ಟಾಕ್ಕೆಂದು ಹೊಡೆದದ್ದಕ್ಕೆ ಈಗ ಕೈ ಒರೆಸುವ ಟವೆಲ್ ತೂಗುತ್ತದೆ. ಮೊದಲ ದಿನ ಅದಕ್ಕೆ ಕೈ ಒರೆಸಿಕೊಂಡ ಶಟ್ಟೆಪ್ಪ ಟವೆಲನ್ನು ನೋಡಿದ, ಗುರವ್ವನನ್ನು ನೋಡಿದ. ಅಂದು ಅವನು ಹೇಳಿಸಿಕೊಳ್ಳದೆಯೇ, “ಬರತೇನ್ರಿ ಅಕ್ಕಾರ” ಎಂದು ಹೊರಟ.

ಸಹಾಯವಾಣಿಯ ಆ ಕರೆ ಮುಗಿಯುವ ಮುನ್ನ ಮಧು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ವರ್ಷ ಅಂತ ಬರೆದುಕೊಳ್ಳಲಿ ಅಮ್ಮ?” ಗುರವ್ವ ಬೆರಳಿನ ಹಿಟ್ಟು ಉದುರಿಸಿ, ಖಾಲಿ ಮೊಳೆಯ ಕಡೆ ಒಮ್ಮೆ ನೋಡಿ, ರೆಕಾರ್ಡಿನಲ್ಲಿ ಸರಿಯಾಗಿ ದಾಖಲಾಗುವಷ್ಟು ಗಟ್ಟಿಯಾಗಿ ಹೇಳಿದ್ದಳು:

“ಹತ್ತೊಂಬತ್ತು.”