ನಕ್ಷತ್ರಕ್ಕೆ ಅಂಟಿದ ಕೊನೆಯ ಪುಟಗಳು

ನನ್ನ ಓದನ್ನು ನಮ್ಮ ಅತ್ತೆ ಕಾಯಿಲೆಗಳ ಸಾಲಿಗೆ ಸೇರಿಸಿದ್ದರು. ಒಲೆಯ ಮೇಲೆ ಹಾಲು, ಕೈಯಲ್ಲಿ ಪುಸ್ತಕ ಇಟ್ಟುಕೊಂಡವಳ ಮನೆಯಲ್ಲಿ ಹಾಲು ಮಕ್ಕಳ ಬಾಯಿಗೆ ಬೀಳುವುದಿಲ್ಲ, ಒಲೆಗೇ ಬೀಳುತ್ತದೆ ಎಂದು ಅವರು ಬಂದವರೆದುರಿಗೆಲ್ಲ ಹೇಳುತ್ತಿದ್ದರು. ಅವರ ಮಾತು ಸುಳ್ಳಲ್ಲ. ಆದರೆ ಹಾಲು ಉಕ್ಕಿದ್ದಕ್ಕೆ ನನಗೆ ಎಂದೂ ಅಷ್ಟು ದುಃಖವಾಗಲಿಲ್ಲ. ಕಥೆ ಅರ್ಧಕ್ಕೆ ನಿಂತರೆ ಮಾತ್ರ ಅನ್ನ ಸೇರುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ನನ್ನ ಗಂಡನಿಗೆ ಕುಷ್ಟಗಿಯ ದನದ ದವಾಖಾನೆಗೆ ಕಂಪೌಂಡರ್ ಆಗಿ ವರ್ಗವಾಯಿತು. ಇಬ್ಬರು ಹೆಣ್ಣುಮಕ್ಕಳನ್ನು, ಒಂದು ಟ್ರಂಕನ್ನು, ಒಂದು ಹೊಲಿಗೆ ಪೆಟ್ಟಿಗೆಯನ್ನು ಕಟ್ಟಿಕೊಂಡು ಬಂದೆವು. ನಮ್ಮ ಓಣಿಯಲ್ಲಿ ಕ್ರೈಸ್ತರೆಂದರೆ ನಾವೊಬ್ಬರೇ. ಅಲ್ಲಿಯವರು ಅದುವರೆಗೆ ಕಂಡಿದ್ದ ಕ್ರೈಸ್ತ ಹೆಂಗಸರೆಲ್ಲ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರಂತೆ. ಹಾಗಾಗಿ ಸಾಮಾನು ಇಳಿಸಿದ ಮರುದಿನವೇ ಒಬ್ಬಾಕೆ ಮಗನ ತೊಡೆಯ ಮೇಲಿನ ಕುರು ತೋರಿಸಲು ಬಂದಳು. ನಾನು ನರ್ಸ್ ಅಲ್ಲ ಎಂದರೆ ನಂಬಲಿಲ್ಲ, ಬಿಗುಮಾನ ಎಂದುಕೊಂಡಳು. ಕೊನೆಗೆ ಬಿಸಿ ನೀರಲ್ಲಿ ಬಟ್ಟೆ ಅದ್ದಿ ಒತ್ತಿ ಕಳಿಸಿದೆ. ಕುರು ತಾನಾಗಿಯೇ ಒಡೆದು ವಾಸಿಯಾಯಿತು, ನನ್ನ ಹೆಸರು ಓಣಿಯಲ್ಲಿ ಗಟ್ಟಿಯಾಯಿತು.

ಅವರಿಗೆ ನನ್ನ ಬಗ್ಗೆ ಎಷ್ಟು ಕುತೂಹಲವಿತ್ತೋ ನನಗೆ ಅವರ ಬಗ್ಗೆ ಅದರ ದುಪ್ಪಟ್ಟು. ಗಂಡ ಗಟ್ಟಿಯಾಗಿದ್ದರೂ ಹಣೆ ಯಾಕೆ ಬರಿದು ಎಂದು ಅವರು ಕೇಳುತ್ತಿದ್ದರು. ಇಷ್ಟು ತೆಳ್ಳಗೆ ರೊಟ್ಟಿ ಬಡಿಯುವಾಗ ಅಂಚು ಯಾಕೆ ಒಡೆಯುವುದಿಲ್ಲ ಎಂದು ನಾನು ಕೇಳುತ್ತಿದ್ದೆ. ಕೇಳಿದ್ದಕ್ಕೆ ಕೇಳಿದ್ದು ಸರಿಹೋಗುತ್ತಿತ್ತು.

ಪುಸ್ತಕಕ್ಕೆ ನನ್ನ ಗಂಡನೇ ಗತಿ. ಊರಿನ ಗ್ರಂಥಾಲಯದಲ್ಲಿ ಗಂಡಸರು ಪತ್ರಿಕೆ ಹರಡಿಕೊಂಡು ಕೂತಿರುತ್ತಿದ್ದರು, ಹೆಂಗಸರು ಆ ಕಡೆ ಹಾಯುತ್ತಿರಲಿಲ್ಲ. ಆತನೋ ಪುಸ್ತಕವನ್ನು ದಪ್ಪ ನೋಡಿ ಆರಿಸುವವನು. ಇದು ಹೆಚ್ಚು ದಿನ ಬಾಳಿಕೆ ಬರುತ್ತದೆ ಎಂದು ಚಪ್ಪಲಿ ಕೊಂಡವನ ಹಾಗೆ ತಂದು ಕೊಡುತ್ತಿದ್ದ. ಅದರಿಂದ ನನಗೆ ನಷ್ಟವೇನೂ ಆಗಲಿಲ್ಲ. ನಾನಾಗಿ ಆರಿಸಿದ್ದರೆ ಎಂದೂ ಮುಟ್ಟದಿದ್ದ ಎಷ್ಟೋ ಪುಸ್ತಕಗಳನ್ನು ಓದಿದೆ. ಜೇನು ಸಾಕುವುದರ ಬಗ್ಗೆ ಒಂದು ದಪ್ಪ ಪುಸ್ತಕವನ್ನು, ಜೇನು ಹುಳವೇ ಅಪರೂಪವಾಗಿದ್ದ ಆ ಬಿಸಿಲಲ್ಲಿ ಕೂತು, ಮೊದಲಿಂದ ಕೊನೆಯವರೆಗೆ ಓದಿದ್ದೇನೆ.

ಸಣ್ಣ ಮಕ್ಕಳಿರುವ ಮನೆಯಲ್ಲಿ ಓದಬೇಕಾದರೆ ಮಕ್ಕಳ ಕೈಗೆ ಕೆಲಸ ಕೊಡಬೇಕು. ಹೀಗೆ ನಮ್ಮ ಮನೆಯಲ್ಲಿ ಕತ್ತರಿ, ಮೈದಾ ಅಂಟು, ಚಿಂದಿ ಬಟ್ಟೆಗಳ ಕಾರಖಾನೆ ಶುರುವಾಯಿತು. ಹತ್ತಿಯಿಂದ ಕುರಿಗಳನ್ನು ಮಾಡುತ್ತಿದ್ದೆವು, ಹುಣಸೆ ಬೀಜ ಅವುಗಳ ಕಣ್ಣು. ಹಳೆಯ ವಾರಪತ್ರಿಕೆಗಳ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸುತ್ತಿದ್ದೆವು. ಚಿತ್ರಗಳು ನಮಗೆ ಬಂಗಾರ. ಅದಕ್ಕೇ ಕಟ್ಟುನಿಟ್ಟಾಗಿ ಒಂದು ಮಾತು ಹೇಳಿಟ್ಟಿದ್ದೆ: ಬೇರೆ ಯಾವ ಕೆಲಸಕ್ಕಾದರೂ ಚಿತ್ರವಿಲ್ಲದ ಹಾಳೆಯನ್ನೇ ಬಳಸಬೇಕು. ಈ ಮಾತು ಮುಂದೆ ನನಗೇ ತಿರುಗಿ ಬಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಕಾಕಿ ಇದ್ದರು. ಹೊಲ, ಎಮ್ಮೆ, ಸೊಸೆಯಂದಿರು ಎಲ್ಲವನ್ನೂ ಒಂದೇ ದನಿಯಲ್ಲಿ ನಡೆಸುತ್ತಿದ್ದ ಹೆಂಗಸು. ಅವರ ಮಗಳನ್ನು ಬೇವೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಬಾಣಂತನಕ್ಕೆ ಬಂದ ಹುಡುಗಿ, ಕೂಸು ಎದ್ದು ನಡೆಯುವಷ್ಟಾದರೂ ತವರಲ್ಲೇ ಇದ್ದಳು. ಗಂಡ ಹೊಡೆಯುತ್ತಾನೆ, ಅತ್ತೆ ರೊಟ್ಟಿ ಬುಟ್ಟಿಯನ್ನು ಒಳಗಿಟ್ಟು ಕೀಲಿ ಹಾಕುತ್ತಾಳೆ ಎಂದು ಓಣಿಗೆಲ್ಲ ಗೊತ್ತು. ಆ ವರ್ಷ ಕಾಕಿ ಮಗಳಿಗೆ ಹೊದೆಯಲೆಂದು ಒಂದು ದೊಡ್ಡ ಕೌದಿ ಹೊಲಿಯಲು ಕೂತರು. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರ ಹಾಸಿ, ಹೆಂಗಸರು ನಾಲ್ಕೂ ಕಡೆ ಕೂತು ಅಂಚಿನಿಂದ ಹೊಲಿಯುತ್ತ ಬರುವ ಕೆಲಸ ಅದು. ಎಳ್ಳಮಾವಾಸ್ಯೆ ಮುಗಿದ ಮೇಲೆ, ಕೌದಿ ಕೈಯಲ್ಲಿ ಕೊಟ್ಟು ಮಗಳನ್ನು ಗಂಡನ ಮನೆಗೆ ಕಳಿಸುವುದೆಂದು ಕಾಕಿ ನಿಶ್ಚಯಿಸಿದ್ದರು. ಬರಿಗೈಯಲ್ಲಿ ಕಳಿಸಿದರೆ ಆ ಮನೆಯವರು ಆಡಿಕೊಳ್ಳುತ್ತಾರೆ, ಇಟ್ಟುಕೊಂಡರೆ ಊರು ಆಡಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಹುಡುಗಿಯನ್ನು ಯಾರೂ ಕೇಳಲಿಲ್ಲ. ಅವಳೂ ತನ್ನನ್ನು ಕಳಿಸುವ ಆ ಕೌದಿಗೆ ತಾನೇ ಹೊಲಿಗೆ ಹಾಕುತ್ತ ಕೂತಿರುತ್ತಿದ್ದಳು.

ನಾನು ಕಲಿಯಲು ಹೋದೆ. ಹೊಲಿಗೆ ಪೆಟ್ಟಿಗೆಯ ಒಡತಿ ಎಂದು ಜಂಬವಿತ್ತು. ನನ್ನ ಹೊಲಿಗೆಯ ಸಾಲು ನೋಡಿ ಕಾಕಿ ಸೂಜಿ ಇಸಿದುಕೊಂಡರು.

"ಇದು ನಿಮ್ಮ ಕೆಲಸಲ್ಲ ಅಕ್ಕಾರ. ನೀವು ಆ ಬುಕ್ಕಿನ್ಯಾಗಿಂದು ಗಟ್ಟಿಯಾಗಿ ಓದ್ರಿ, ನಾವು ಹೊಲಿತೀವಿ," ಎಂದರು.

ಹಾಗೆ ನನ್ನೊಬ್ಬಳ ಓದು ಕಾಕಿಯ ಮನೆಯ ಕಟ್ಟೆಗೆ ಬಂತು. ಆಗ ನನ್ನ ಕೈಯಲ್ಲಿದ್ದದ್ದು, ಗಂಡನ ಮನೆಯಿಂದ ಮಗುವನ್ನೆತ್ತಿಕೊಂಡು ಹೊರಬಿದ್ದ ಒಬ್ಬಳ ಕಾದಂಬರಿ. ಬೇಕೆಂದು ತಂದದ್ದಲ್ಲ, ದಪ್ಪವಾಗಿತ್ತು ಎಂದು ಗಂಡ ತಂದದ್ದು. ಪುಸ್ತಕದ ಕನ್ನಡ ಅವರಿಗೆ ಅಲ್ಲಲ್ಲಿ ತೊಡಕಾದರೆ ಆಡುಮಾತಿಗೆ ತಿರುಗಿಸಿ ಹೇಳುತ್ತಿದ್ದೆ. ಬಳೆ ಮಾರುವ ಮನೆಯ ಚಾಚಿ ಬಳೆಗಳ ಬುಟ್ಟಿ ಇಳಿಸಿ ಬಂದು ಕೂರುತ್ತಿದ್ದರು. ಕಾದಂಬರಿಯ ಹೆಂಗಸು ಮಳೆಯಲ್ಲಿ ನಿಂತಾಗ ಇವರೆಲ್ಲ ಸೆರಗಿನಿಂದ ಮೂಗು ಒರೆಸಿಕೊಳ್ಳುವರು, ಅವಳ ಗಂಡ ಬಂದು ಬೈದಾಗ ಅವನ ವಂಶವನ್ನೆಲ್ಲ ತೊಳೆದು ಬಿಸಿಲಿಗೆ ಹಾಕುವರು. ಕಾಕಿಯ ಮಗಳು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ನಾನು ಪುಟ ತಿರುಗಿಸುವಾಗ ಅವಳ ಸೂಜಿ ನಿಲ್ಲುತ್ತಿತ್ತು, ಓದು ಮುಂದುವರಿದರೆ ಮತ್ತೆ ಆಡುತ್ತಿತ್ತು. ಅವಳು ಕೇಳುತ್ತಿದ್ದುದು ಬೇರೆಯವಳ ಕಥೆಯಲ್ಲ ಎಂದು ನನಗೆ ಆಗಲೇ ಹೊಳೆಯಿತು. ಆ ಕಾದಂಬರಿಯ ಹೆಂಗಸು ಕೊನೆಗೆ ಏನು ಮಾಡುತ್ತಾಳೆ ಎಂಬುದಕ್ಕಾಗಿ ಇವಳು ಉಸಿರು ಬಿಗಿಹಿಡಿದಿದ್ದಳು.

ಅದೇ ಹೊತ್ತಿಗೆ ಕ್ರಿಸ್ಮಸ್ ಹತ್ತಿರ ಬಂತು. ಬಿದಿರಿನ ಸೀಳು ಕಟ್ಟಿ, ಬಣ್ಣದ ಹಾಳೆ ಹಚ್ಚಿ ಬಾಗಿಲಿಗೆ ನಕ್ಷತ್ರ ತೂಗುಹಾಕುವುದು ನಮ್ಮ ಪದ್ಧತಿ. ತೆಳು ಹಾಳೆ ಗಾಳಿಗೆ ಹರಿಯುತ್ತದೆಂದು ಒಳಗೊಂದು ಅಚ್ಚಾದ ಹಾಳೆ ಅಂಟಿಸುತ್ತೇವೆ. ಒಂದು ಸಂಜೆ ಪುಸ್ತಕ ಮನೆಯಲ್ಲಿಟ್ಟು ನಾನು ನೀರಿಗೆ ಹೋಗಿದ್ದಾಗ ಮಕ್ಕಳಿಬ್ಬರೂ ಸೇರಿ ನಕ್ಷತ್ರ ಮುಗಿಸಿಬಿಟ್ಟಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಒಳಗೆ ಬಲ್ಬು ಇಟ್ಟು ತೂಗುಹಾಕಿದೆವು.

ಮರುದಿನ ಮಧ್ಯಾಹ್ನ ಕಟ್ಟೆಯಲ್ಲಿ ಓದುತ್ತಿದ್ದೆ. ಕಾದಂಬರಿಯ ಹೆಂಗಸು ಮತ್ತೆ ಗಂಡನ ಮನೆಯ ಬಾಗಿಲ ಮುಂದೆ ನಿಂತಿದ್ದಳು. ಒಳಗಿಂದ ಗಂಡ ಕರೆಯುತ್ತಾನೆ, ಹೊರಗೆ ಗಾಡಿ ಕಾಯುತ್ತಿದೆ. ಪುಟ ತಿರುಗಿಸಿದೆ, ರಟ್ಟು ಬಂತು. ಕೊನೆಯ ಹಾಳೆಗಳು ಇರಲಿಲ್ಲ.

ದೊಡ್ಡ ಮಗಳನ್ನು ಕರೆದೆ. ಅವಳಿಗೆ ಹೆದರಿಕೆಯೇ ಇಲ್ಲ. ಆ ಪುಸ್ತಕದಲ್ಲಿ ಒಂದು ಚಿತ್ರವೂ ಇರಲಿಲ್ಲವಲ್ಲ ಎಂದಳು. ಶಾಲೆಯ ನೋಟ್‌ಬುಕ್ಕಿನಲ್ಲೂ ಹಿಂದಿನ ಹಾಳೆಗಳನ್ನೇ ಹರಿಯುವುದು, ಮುಂದಿನದು ಹರಿದರೆ ತಾನೇ ತಪ್ಪು ಎಂದೂ ಕೇಳಿದಳು. ನನ್ನ ಕಾನೂನನ್ನು ನನಗಿಂತ ಚೆನ್ನಾಗಿ ಪಾಲಿಸಿದ ಮಗುವಿಗೆ ಏನೆಂದು ಹೊಡೆಯಲಿ? ಸಿಟ್ಟು ಬಂದದ್ದು ನಿಜ, ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಸಂಜೆ ಬಲ್ಬು ಹೊತ್ತಿದಾಗ ನಾವೆಲ್ಲ ನಕ್ಷತ್ರದ ಕೆಳಗೆ ಕತ್ತೆತ್ತಿ ನಿಂತೆವು. ಹಳದಿ ಹಾಳೆಯ ಹಿಂದೆ ಅಕ್ಷರಗಳು ಕಾಣುತ್ತಿದ್ದವು. ಕೆಲವು ತಲೆಕೆಳಗು, ಕೆಲವು ಕತ್ತರಿಗೆ ಸಿಕ್ಕು ಅರ್ಧ. 'ಕಣ್ಣೀರು' ಎಂಬುದೊಂದು ಓದಲು ಬಂತು, 'ಆದರೆ' ಎಂಬುದು ಇನ್ನೊಂದು ಕಡೆ. ಅಷ್ಟರಿಂದ ಯಾರ ಬಾಳೂ ತಿಳಿಯುವುದಿಲ್ಲ. ಒದ್ದೆ ಬಟ್ಟೆಯಿಂದ ಬಿಡಿಸಲು ನೋಡಿದೆ, ಮೈದಾ ಅಂಟು ಕಚ್ಚಿಕೊಂಡು ಕೂತಿತ್ತು.

ಕೌದಿಯ ಸುತ್ತ ಅವರವರೇ ಕೊನೆ ಕಟ್ಟತೊಡಗಿದರು. ಆಕೆ ಗಂಡನ ಹತ್ತಿರ ಹೋಗುತ್ತಾಳೆ, ಮತ್ತೆಲ್ಲಿ ಹೋದಾಳು ಎಂದರು ಕಾಕಿ. ಗಾಡಿ ಹತ್ತುತ್ತಾಳೆ, ಆದರೆ ಗಾಡಿಯವನು ದುಷ್ಟ ಎಂದರು ಚಾಚಿ. ಅವರಿಗೆ ಕಥೆ ಮುಗಿಯುವುದೇ ಬೇಕಿರಲಿಲ್ಲ. ಕೇಳಿದಷ್ಟೂ ನನಗೆ ಮೋಜೆನಿಸಿತು. ಒಂದೇ ಬಾಗಿಲಲ್ಲಿ ನಿಂತವಳನ್ನು ಒಬ್ಬೊಬ್ಬರು ಒಂದೊಂದು ಕಡೆ ನಡೆಸುತ್ತಿದ್ದರು. ಆಗ ಕಾಕಿಯ ಮಗಳು ಮೊದಲ ಸಲ ಬಾಯಿ ಬಿಟ್ಟಳು.

"ನೀವು ಹೇಳಿದ್ದು ನನಗ ಬ್ಯಾಡ. ಅಕ್ಕಾರ, ಖರೇ ಏನ ಬರದಾರ ಅದು ಬೇಕ್ರಿ."

ಗ್ರಂಥಾಲಯದವರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡು ಬಂದವನು ನನ್ನ ಗಂಡ. ಆ ಪುಸ್ತಕದ ಇನ್ನೊಂದು ಪ್ರತಿ ಕೊಪ್ಪಳದ ಗ್ರಂಥಾಲಯದಲ್ಲಿ ಇರಬೇಕು ಎಂದು ಅವರು ಹೇಳಿದರಂತೆ. ಔಷಧಿ ತರಲು ಕೊಪ್ಪಳಕ್ಕೆ ಹೋದಾಗ ಈತ ಅಲ್ಲಿ ಗೋಗರೆದು ಅದನ್ನು ಇಸಿದುಕೊಂಡು ಬಂದ. ಎತ್ತುಗಳ ಜಂತಿನ ಔಷಧಿ ಬಾಟಲಿಗಳ ನಡುವೆ ಕೂತು ಬಂದ ಪುಸ್ತಕಕ್ಕೆ ಫಿನೈಲಿನ ವಾಸನೆ ಹೊಡೆಯುತ್ತಿತ್ತು. ಅಷ್ಟರಲ್ಲಿ ಕ್ರಿಸ್ಮಸ್ ಮುಗಿದು ಎಳ್ಳಮಾವಾಸ್ಯೆಯೂ ಆಗಿತ್ತು. ಕೌದಿಯ ಒಂದು ಮೂಲೆ ಮಾತ್ರ ಉಳಿದಿತ್ತು.

ಮಕ್ಕಳು ಶಾಲೆಗೆ ಹೋದ ಮೇಲೆ ನಾನೊಬ್ಬಳೇ ಮೊದಲು ಓದಿದೆ. ಆ ಹೆಂಗಸು ಒಳಗೆ ಹೋಗುತ್ತಾಳೆ. ಗಂಡನ ಕಾಲು ಹಿಡಿದು ಅಳುತ್ತಾಳೆ, ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಾನೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಪುಸ್ತಕವನ್ನು ಗೋಡೆಗೆ ಒಗೆಯುವವಳಿದ್ದೆ. ಕ್ಷಮೆ ಕೇಳಬೇಕಾದವನು ಅವನಲ್ಲವೇ?

ಬೇರೆ ಕೊನೆ ಓದಿಬಿಡೋಣ ಎನಿಸಿತು. ಅಕ್ಷರ ಬಲ್ಲವಳು ಅಲ್ಲಿ ನಾನೊಬ್ಬಳೇ, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ದಿನಾ ಬೆಳಗಿನ ಪ್ರಾರ್ಥನೆಯಲ್ಲಿ ಸುಳ್ಳಾಡಬಾರದೆಂದು ಮಕ್ಕಳ ಕೈ ಜೋಡಿಸುವವಳು ನಾನೇ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ನಿಜವನ್ನೇ ಕೇಳಿದ್ದಳು. ಅವಳಿಗೆ ಎಲ್ಲರೂ ತಮಗೆ ಬೇಕಾದದ್ದನ್ನೇ ಹೇಳಿದ್ದರು. ಅವರ ಜೊತೆ ನಾನೂ ಸೇರಬೇಕೇ? ಪ್ರಾರ್ಥಿಸಿದೆ, ಉತ್ತರ ಬರಲಿಲ್ಲ. ಪುಸ್ತಕ ಹಿಡಿದು ಕಟ್ಟೆಗೆ ಹೋದೆ.

ಬರೆದದ್ದನ್ನು ಬರೆದ ಹಾಗೆ ಓದಿದೆ. ಕಾಕಿ ಸಮಾಧಾನದಿಂದ ತಲೆದೂಗಿ ಮಗಳ ಕಡೆ ನೋಡಿದರು. ಹುಡುಗಿ ತಲೆ ತಗ್ಗಿಸಿಯೇ ಇದ್ದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವಳು, ಇದನ್ನು ಬರೆದವರು ಹೆಣ್ಣುಮಕ್ಕಳೋ ಗಂಡಸರೋ ಎಂದು ಕೇಳಿದಳು. ಇಷ್ಟು ಓದಿದ ನನಗೆ ಆ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. ರಟ್ಟು ತಿರುಗಿಸಿ ನೋಡಿ, ಗಂಡಸರು ಎಂದೆ.

"ಹಂಗಾರ ಅವ್ರು ಆ ಬಾಗಿಲ ಒಳಗ ಒಂದಿನಾನೂ ಇದ್ದಿಲ್ಲರಿ," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ನಾ ಇದ್ದು ಬಂದೀನಿ ಯವ್ವಾ. ನಾ ಹೋಗಂಗಿಲ್ಲ."

ಚಾಚಿ ಬಳೆ ಬುಟ್ಟಿಯ ಕಡೆ ಕೈ ಚಾಚಿದವರು ಹಾಗೇ ಬಿಟ್ಟರು. ಕಾಕಿ ಬೈಯುತ್ತಾರೆ ಎಂದು ನಾನು ಕಾದೆ. ಅವರು ಬೈಯಲಿಲ್ಲ, ಕೌದಿಯನ್ನು ತಮ್ಮ ಕಡೆ ಎಳೆದುಕೊಂಡು ಅದರ ಮೇಲೆ ಕೈಯಾಡಿಸುತ್ತ ಕೂತರು. ಮಗಳು ಅಲ್ಲಿ ಹಸಿದು ಮಲಗಿದ್ದು ಆ ತಾಯಿಗೆ ಗೊತ್ತಿಲ್ಲದ ಸಂಗತಿಯಲ್ಲ. ಊರಿನ ಬಾಯಿಗೆ ಅಂಜಿ ಗೊತ್ತಿಲ್ಲದ ಹಾಗೆ ಇದ್ದರು ಅಷ್ಟೆ.

ಆ ಸೀಮೆಯಲ್ಲಿ ಕೌದಿಯ ಹೊಟ್ಟೆ ತುಂಬಿಸದೆ ಕೊನೆಯ ಮೂಲೆ ಮುಚ್ಚುವುದಿಲ್ಲ. ತಿನ್ನುವ ಚೂರೊಂದನ್ನು ಪದರಗಳ ಒಳಗಿಟ್ಟು ಹೊಲಿಯುತ್ತಾರೆ, ಹೊದ್ದವರು ಉಪವಾಸ ಮಲಗಬಾರದು ಎಂದು. ಕಾಕಿಯ ಮನೆಯಲ್ಲಿ ಇದಕ್ಕೊಂದು ವಾಡಿಕೆ ಇತ್ತು: ಮಗಳ ಜೊತೆ ಗಂಡನ ಮನೆಗೆ ಹೋಗುವ ಕೌದಿಗೆ ಹೋಳಿಗೆ, ಮನೆಯಲ್ಲೇ ಉಳಿಯುವ ಕೌದಿಗೆ ರೊಟ್ಟಿ. ಹಬ್ಬದಲ್ಲಿ ಮಾಡಿದ ಹೋಳಿಗೆಯ ಒಂದು ಚೂರನ್ನು ಅವರು ಆಗಲೇ ತಟ್ಟೆಯಲ್ಲಿ ತಂದಿಟ್ಟುಕೊಂಡಿದ್ದರು. ಅದನ್ನು ಎತ್ತಿ, ಪಕ್ಕದಲ್ಲಿ ಮಣ್ಣಾಡುತ್ತಿದ್ದ ಮೊಮ್ಮಗುವಿನ ಬಾಯಿಗೆ ಇಟ್ಟರು.

"ಒಳಗ ಹೋಗಿ ಬುಟ್ಟ್ಯಾಗಿಂದು ಒಂದು ರೊಟ್ಟಿ ತಗೊಂಬಾ," ಎಂದರು ಮಗಳಿಗೆ.

ಅವಳು ಎದ್ದು ಹೋದಳು. ಬಹಳ ಹೊತ್ತು ಬರಲಿಲ್ಲ, ಯಾರೂ ಕೂಗಿ ಕರೆಯಲೂ ಇಲ್ಲ. ಮುಖ ತೊಳೆದುಕೊಂಡು ಬಂದವಳ ಕೈಯಲ್ಲಿ ಇಡೀ ರೊಟ್ಟಿಯಿತ್ತು. ಕಾಕಿ ಅದರಿಂದ ಉಗುರಿನಷ್ಟು ಮುರಿದು ಕೌದಿಯೊಳಗಿಟ್ಟು ಹೊಲಿದರು, ಉಳಿದದ್ದನ್ನು ಮಗಳ ಕೈಗೇ ಕೊಟ್ಟರು. ಅವಳು ನಮ್ಮೆಲ್ಲರ ನಡುವೆ ಕೂತು, ಬರಿಯ ರೊಟ್ಟಿಯನ್ನೇ, ಅವಸರವಿಲ್ಲದೆ ಪೂರ್ತಿ ತಿಂದಳು.