ಬಾಗಿಲ ಮೇಲಿನ ಖಾಲಿ ಜಾಗ

ಮೊನ್ನೆ ಅಡುಗೆಮನೆ ಒರೆಸುವಾಗ ಸೊಸೆಗೆ ಸೀಳು ಬಿಟ್ಟ ಒಂದು ಚಹಾ ಬಸಿ ಸಿಕ್ಕಿತು. ಬಿಳಿ ಪಿಂಗಾಣಿಯದು. ಸೀಳಿನೊಳಗೆ ನೀಲಿ ಬಣ್ಣ ಇಳಿದು ಕೂತಿದೆ.

"ಅತ್ತಿ, ಈ ಒಡಕ ಬಸಿ ಒಗೀಲೇನ್ರಿ?"

"ನಿನ್ನ ತವರಿಂದ ತಂದದ್ದೇನು? ಇಡು ಅಲ್ಲೇ," ಎಂದೆ.

ಅದು ಚಿತ್ರದ ಮಾಸ್ತರರ ಬಸಿ. ಹುಮನಾಬಾದಿನಲ್ಲಿ ನಾನು ಖಾನಾವಳಿ ನಡೆಸುವಾಗ ಅವರು ಪಕ್ಕದ ಖೋಲಿಯಲ್ಲಿದ್ದರು. ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ರವಿವಾರ ಬಂದರೆ ಬಗಲಿಗೆ ಚೀಲ ಹಾಕಿಕೊಂಡು ಬಸ್ಸು ಹತ್ತುವರು. ಚಿಟಗುಪ್ಪದ ಸಂತೆ, ಮನ್ನಾಏಖೇಳ್ಳಿಯ ಬಸ್ ನಿಲ್ದಾಣದ ಮಿರ್ಚಿ ಭಜಿ, ಕಲ್ಯಾಣದ ಕೋಟೆ... ಕೂತಲ್ಲೇ ಚಿತ್ರ ಬರೆದು ತರುವರು. ನಾನು ತಾಟು ಇಟ್ಟರೂ ಅಷ್ಟೇ. ರೊಟ್ಟಿ, ಪುಂಡಿಪಲ್ಯೆ ಮೊದಲು ಕಾಗದಕ್ಕೆ, ಆಮೇಲೆ ಹೊಟ್ಟೆಗೆ. ಬಣ್ಣ ಕಲಸಲು ನನ್ನದೇ ಬಸಿ.

"ಬಿಸಿ ರೊಟ್ಟಿ ಹಾಕಿದ್ದು ನೋಡ್ಲಿಕ್ಕಲ್ರಿ ಮಾಸ್ತರ್ರ, ತಿನ್ನಲಿಕ್ಕ!"

"ತಿಂದ ಮ್ಯಾಲ ಏನ್ ಬರೀಲಿ ತಂಗಿ, ಖಾಲಿ ತಾಟು?"

ಬಸವಕಲ್ಯಾಣದಲ್ಲಿ ನನ್ನ ತವರು. ಅಣ್ಣ ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ನಿಂತಿದ್ದ. ಕೆಡವಲಿ, ಸೋರುವ ಮನೆ. ನನಗೇನೂ ಅಳು ಬರಲಿಲ್ಲ. ಆದರೆ ಮುಂಬಾಗಿಲಿನ ಕೆತ್ತನೆಯ ಚೌಕಟ್ಟು... ಅದರ ಪಕ್ಕದ ಕಟ್ಟೆಯ ಮೇಲೆ ಕೂತು ಅವ್ವ ಜೋಳ ಹಸನು ಮಾಡುತ್ತಿದ್ದಳು. ಅವ್ವನದು ಒಂದು ಫೋಟೊ ಸಹ ಇಲ್ಲ. ಆ ಬಾಗಿಲಾದರೂ ಕಾಗದದಲ್ಲಿ ಇರಲಿ ಎಂದು ಮಾಸ್ತರರನ್ನು ಕರೆದುಕೊಂಡು ಹೋದೆ. ಯಾಕೆ ಬಂದೆವೆಂದು ಅಣ್ಣನಿಗೆ ಹೇಳಲಿಲ್ಲ. ನಕ್ಕಾನು ಎಂದು ನಾಚಿಕೆ.

ಮಾಸ್ತರರು ಬಂದವರೇ ಬಾಗಿಲ ಎದುರು ಕೂತು ಚೀಲ ಬಿಚ್ಚಿದರು. ಒಳಗೆ ಅಣ್ಣನ ಹೆಂಡತಿ, ನಮ್ಮ ವೈನಿ, ಹೋಳಿಗೆ ಮಾಡಿದ್ದಳು. ತವರಿಗೆ ನಾನು ಕರೆತಂದ ಮನುಷ್ಯ ಉಣ್ಣದೆ ಹೊರಗೆ ಕೂತರೆ ಹೇಗೆ? ನಾನೇ ಚೀಲ ಕಸಿದುಕೊಂಡೆ.

"ಬಾಗಲಾ ಎಲ್ಲಿ ಓಡಿ ಹೋಗ್ತದ? ಏಳ್ರಿ, ಮೊದಲ ಉಣ್ರಿ."

ಹಿತ್ತಲ ಕೋಣೆಯಲ್ಲಿ ಊಟ. ಅವರು ಸಾಕೆಂದರೂ ಕೈ ಸರಿಸಿ ತುಪ್ಪ ಸುರಿದೆ. ಹಾರೆಯ ಸದ್ದು ಕೇಳಿತು. ಯಾವುದೋ ಗೋಡೆ ಎಂದುಕೊಂಡೆ. ಕೈ ತೊಳೆದು ಮುಂದೆ ಬಂದರೆ ಬಾಗಿಲಿನ ಜಾಗದಲ್ಲಿ ಬಯಲು. ಚೌಕಟ್ಟು ಕೊಂಡವರು ಬಂದಿದ್ದರು. ಅಣ್ಣನೇ ನಿಂತು ಕೀಳಿಸಿ ಟೆಂಪೊದಲ್ಲಿ ಹಾಕಿ ಕಳಿಸಿದ್ದ.

ಮಾಸ್ತರರು ನನ್ನಿಂದ ಚೀಲ ತಿರುಗಿ ಇಸಿದುಕೊಂಡರು. ಬಯಲಿನ ಎದುರು ಕೂತು, "ನೀ ಹೇಳು ತಂಗಿ, ನಾ ಬರೀತೀನಿ," ಎಂದರು. ಕಟ್ಟೆ ಯಾವ ಕಡೆ, ಅವ್ವ ಯಾವ ಕಾಲು ಮಡಚಿ ಕೂಡುತ್ತಿದ್ದಳು, ಜೋಳ ಕೇರುವ ಮೊರ ಹೇಗೆ ಹಿಡಿಯುತ್ತಿದ್ದಳು... ಎಲ್ಲ ಹೇಳಿದೆ. ಕಾಗದದ ಮೇಲೆ ಅವ್ವ ಬಂದು ಕೂತಳು.

"ಮ್ಯಾಲಿನ ಪಟ್ಟಿಗಿ ಏನ್ ಕೆತ್ತಿದ್ರು? ಹೂವೋ, ಗಿಳಿಯೋ?"

ಮದುವೆಯಾಗುವ ತನಕ ಅದರ ಕೆಳಗೇ ಓಡಾಡಿದವಳು ನಾನು. ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಅಣ್ಣನನ್ನು ಕೇಳಲು ಆಗಲೂ ನಾಚಿಕೆ.

"ಹೂವ ಹಾಕ್ರಿ. ಯಾರಿಗಿ ಗೊತ್ತಾಗ್ತದ?"

"ನಿನಗ ಗೊತ್ತಾಗ್ತದಲ್ಲ. ನೆನಪಾದ ದಿನ ಹೇಳು, ತುಂಬಿ ಕೊಡ್ತೀನಿ." ಆ ಜಾಗ ಖಾಲಿ ಬಿಟ್ಟರು.

ನನಗೆ ನೆನಪಾಗಲೇ ಇಲ್ಲ. ಎಷ್ಟೋ ದಿನದ ಮೇಲೆ ನಿರ್ಣಾದಲ್ಲಿದ್ದ ಅಕ್ಕನನ್ನು ಕೇಳಿದೆ. "ಗಿಳಿ ಇದ್ವಲ್ಲ, ಎರಡು! ಒಂದರ ಕೊಕ್ಕ ನೀನೇ ಒನಕಿ ಬಡದು ಮುರದಿದ್ದಿ, ರಂಡೆ!" ಎಂದಳು.

ಊರಿಗೆ ಮರಳಿದವಳೇ ಚಿತ್ರ ಹಿಡಿದು ಮಾಸ್ತರರ ಖೋಲಿಗೆ ಹೋಗಿ ಹೇಳಿದೆ. ಕೊಕ್ಕಿನ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಿಳಿಗೆ ಹಸಿರು ಬೇಕೆಂದು ಬಸಿಯಲ್ಲಿ ನೀಲಿ ಕಲಸಿದರು. ಹಳದಿ ಸೇರಿಸುವ ಮೊದಲೇ ಸುಸ್ತೆಂದು ಗೋಡೆಗೆ ಒರಗಿದರು. ಕುಂಚ ಇಟ್ಟು, "ನಾಳಿ ಮುಗಸ್ತೀನಿ," ಎಂದರು. ಮರುದಿನ ಮುಂಜಾನೆ ಅವರ ತಮ್ಮ ಬಂದು ದವಾಖಾನೆಗೆ ಕರೆದೊಯ್ದ. ಅವರು ತಿರುಗಿ ಬರಲಿಲ್ಲ; ಚಿತ್ರ, ಬಸಿ ನನ್ನ ಹತ್ತಿರ ಉಳಿದವು...

ಬಸಿ ಸಿಕ್ಕ ದಿನ ಟ್ರಂಕಿನಿಂದ ಚಿತ್ರ ತೆಗೆದೆ. ಅವ್ವ ಜೋಳ ಹಸನು ಮಾಡುತ್ತಿದ್ದಾಳೆ. ತಲೆಯ ಮೇಲಿನ ಪಟ್ಟಿ ಖಾಲಿ ಇದೆ. ಗಿಳಿ ಇದ್ದವೆಂದು ಗೊತ್ತಿದ್ದವಳು ಈಗ ನಾನೊಬ್ಬಳೇ. ಅಣ್ಣನ ಹಿಂದೆ ಅಕ್ಕನೂ ಹೋದಳು.

"ಅತ್ತಿ, ರೊಟ್ಟಿ ತಣ್ಣಗಾಗಾಕತ್ತಾವ್ರಿ," ಎಂದು ಸೊಸೆ ಒಳಗಿನಿಂದ ಕೂಗಿದಳು.

"ಆಗ್ಲಿ ಬಿಡು," ಎಂದೆ.